ಮನೆ, ಅಂಗಡಿ ಒಟ್ಟಿಗಿರಲಿ, ಹೊಳೆ ಬದಿ ಮಾತ್ರ ಬೇಡ

ಬಸ್ ಸ್ಟ್ಯಾಂಡ್ ಸುತ್ತಮುತ್ತ ಮನೆ, ಅಂಗಡಿ ಒಟ್ಟಿಗೇ ಕಟ್ಟಲು ಬಿಡಿ, ಜನ ನಡೆದೇ ಓಡಾಡಲಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಒಪ್ಪಿದೆ. ಕೊಡಗಿನಲ್ಲಿ ಕಾವೇರಿ ದಡದ ನಮ್ಮ ಕುಶಾಲನಗರದಲ್ಲಿ ಆಗುತ್ತಿರುವುದು ಅದರ ಉಲ್ಟಾ. ಗದ್ದೆ ಕನ್ವರ್ಷನ್ ಮಾಡಿಸಿ ಊರಾಚೆ ಲೇಔಟ್ ಮಾಡುತ್ತಾರೆ, ಅಲ್ಲಿ ಒಂದು ದಿನಸಿ ಅಂಗಡಿಯೂ ಇರಲ್ಲ, ಹಾಲಿನ ಪ್ಯಾಕೆಟ್ ತರೋಕೂ ಸ್ಕೂಟರ್ ತೆಗೀಬೇಕು. ನಮ್ಮ ಬೀದಿಯಲ್ಲಿ ಫುಟ್‌ಪಾತ್ ಅಂದ್ರೆ ಚರಂಡಿ ಮೇಲಿನ ಚಪ್ಪಡಿ ಅಷ್ಟೇ, ಅದೂ ಅಲ್ಲಲ್ಲಿ ಮುರಿದು ಕಬ್ಬಿಣದ ಸರಳು ಹೊರಗೆ ಬಂದಿದೆ, ಮಳೆಯಲ್ಲಿ ಕೊಡೆ ಹಿಡ್ಕೊಂಡು ರಸ್ತೆಗೇ ಇಳಿಯಬೇಕು. ಹಾಗಂತ ಬೆಂಗಳೂರಿನ ಕಟ್ಟಡ ನಿಯಮವನ್ನೇ ಸುಮ್ನೆ ತಂದು ಇಲ್ಲಿ ಹಾಕಬೇಡಿ. 2018, 2019ರಲ್ಲಿ ಕಾವೇರಿ ನೀರು ನುಗ್ಗಿದ್ದು ಇಲ್ಲಿನ ಬಡಾವಣೆಗಳಿಗೇ ಅಲ್ವಾ? ಮಡಿಕೇರಿ ಕಡೆ ಗುಡ್ಡಗಳೇ ಕುಸಿದವು. ಪೇಟೆಯೊಳಗೆ ಬೇಕಾದರೆ ಒಂದು ಮಹಡಿ ಜಾಸ್ತಿ ಕೊಡಿ, ಹೊಳೆ ಬದಿ ಮತ್ತು ಇಳಿಜಾರಿನಲ್ಲಿ ಪರ್ಮಿಶನ್ ಕೊಡೋದನ್ನ ನಿಲ್ಲಿಸಿ.