ಸಾವಿನ ತುಡಿತವೆಂದರೆ ಸಾಯುವ ಆಸೆಯಲ್ಲ

ಕಳೆದ ಭಾನುವಾರ ಮುಂಬಯಿಯ ಮಾಟುಂಗದ ಒಂದು ಸಭೆಯಲ್ಲಿ ಮನೋವಿಶ್ಲೇಷಣೆಯ ಬಗ್ಗೆ ಮಾತನಾಡಿದವರೊಬ್ಬರು, ಲೋಕಲ್ ರೈಲಿನ ಬಾಗಿಲಲ್ಲಿ ಜೋತುಬೀಳುವ ಹುಡುಗರನ್ನು ತೋರಿಸಿ ಇದೇ ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಹೇಳಿದ ಸಾವಿನ ತುಡಿತ ಎಂದರು. ಸಭೆ ತಲೆದೂಗಿತು. ನನಗೆ ಸಿಟ್ಟು ಬಂತು. ಬೆಳಗಿನ ಡೊಂಬಿವಲಿ ಗಾಡಿಯೊಳಗೆ ಕಾಲಿಡಲು ಜಾಗವಿಲ್ಲದವನನ್ನು ಎಳೆದೊಯ್ಯುವುದು ಸಾವಲ್ಲ, ತಿಂಗಳ ಸಂಬಳ.

1920ರಲ್ಲಿ ಫ್ರಾಯ್ಡ್ ಈ ಮಾತೆತ್ತಿದ್ದು ಬೇರೊಂದು ಒಗಟನ್ನು ಬಿಡಿಸಲು. ಮನಸ್ಸು ಸುಖವನ್ನೇ ಅರಸುವುದಾದರೆ, ಯುದ್ಧದಿಂದ ಮರಳಿದ ಸೈನಿಕ ಕನಸಿನಲ್ಲಿ ಮತ್ತೆ ಮತ್ತೆ ಅದೇ ಭಯಾನಕ ಕ್ಷಣಕ್ಕೆ ಹೋಗುವುದೇಕೆ? ಫ್ರಾಯ್ಡನ ಒಂದೂವರೆ ವರ್ಷದ ಮೊಮ್ಮಗ ದಾರ ಕಟ್ಟಿದ ಮರದ ಉರುಳೆಯನ್ನು ಮಂಚದ ಮರೆಗೆಸೆದು, ಮತ್ತೆ ಎಳೆದುಕೊಂಡು ಹಿಗ್ಗುತ್ತಿದ್ದ. ಅಮ್ಮ ಬಿಟ್ಟುಹೋಗುವುದನ್ನು ಮಗು ಆಟವಾಗಿಸಿಕೊಂಡಿತ್ತು. ಆದರೆ ಅದು ಹೆಚ್ಚು ಸಲ ಆಡುತ್ತಿದ್ದುದು ಎಸೆಯುವ ಭಾಗವನ್ನಷ್ಟೇ. ಆ ತಾಯಿ, ಫ್ರಾಯ್ಡನ ಮಗಳು ಸೋಫಿ, 1920ರ ಜನವರಿಯಲ್ಲಿ ಜ್ವರದಿಂದ ತೀರಿಕೊಂಡಳು. ಸಿದ್ಧಾಂತ ಆ ದುಃಖದಿಂದ ಹುಟ್ಟಿತೆಂದು ಜನ ಭಾವಿಸದಿರಲಿ ಎಂದು, ಅವಳು ಬದುಕಿದ್ದಾಗಲೇ ಬರಹ ಅರ್ಧ ಮುಗಿದಿತ್ತೆಂಬುದಕ್ಕೆ ಆತ ಗೆಳೆಯನನ್ನು ಸಾಕ್ಷಿಯಾಗಿರಲು ಕೇಳಿಕೊಂಡಿದ್ದ.

ನೋವಿನ ಈ ಮರುಕಳಿಕೆಯ ಹಿಂದೆ ಫ್ರಾಯ್ಡ್ ಕಂಡದ್ದು ಹಿಂದಿನ ಸ್ಥಿತಿಗೆ, ಕೊನೆಗೆ ನಿಶ್ಚಲತೆಗೆ ಮರಳುವ ಸೆಳೆತವನ್ನು. ಆ ಸಾವಿನ ತುಡಿತ ಒಂದು ಕಡೆ. ಜೀವಗಳನ್ನು ಒಂದಕ್ಕೊಂದು ಬೆಸೆಯುವ ಎರೋಸ್ ಇನ್ನೊಂದು ಕಡೆ. ಎರಡೂ ಬೆರೆತೇ ಕೆಲಸ ಮಾಡುತ್ತವೆ. ಎರೋಸಿನ ಮೂಲ ಹುಡುಕುತ್ತಾ ಫ್ರಾಯ್ಡ್ ಬೃಹದಾರಣ್ಯಕ ಉಪನಿಷತ್ತಿನವರೆಗೂ ಬಂದಿದ್ದ: ಏಕಾಕೀ ನ ರಮತೇ, ಒಂಟಿಯಾದವನು ಸುಖಿಸಲಾರ, ಅದಕ್ಕೇ ಎರಡನೆಯವರನ್ನು ಬಯಸಿದ. ಈ ಸೆಳೆತ ಜೀವಕೋಶಗಳಲ್ಲೇ ಇದೆಯೆಂಬ ಅವನ ಊಹೆಗಳನ್ನು ನಾನು ಒಪ್ಪುವುದಿಲ್ಲ; ಅವನ ಅನುಯಾಯಿಗಳಲ್ಲೇ ಅನೇಕರು ಒಪ್ಪಲಿಲ್ಲ. ಮರುಕಳಿಕೆಯ ಮಾತನ್ನು ಮಾತ್ರ ಒಪ್ಪುತ್ತೇನೆ, ಏಕೆಂದರೆ ಅದನ್ನು ನಮ್ಮ ಮನೆಯಲ್ಲಿ ಕಂಡಿದ್ದೇನೆ.

ಅಪ್ಪ ಕರಿ ರೋಡ್ ಬಳಿಯ ಒಂದು ಬಟ್ಟೆ ಗಿರಣಿಯ ಕ್ಯಾಂಟೀನಿನಲ್ಲಿ ಅಡುಗೆಯವರು. 1982ರ ಜನವರಿ 18ರಂದು ಮುಂಬಯಿಯ ಗಿರಣಿ ಮುಷ್ಕರ ಶುರುವಾಯಿತು, ಸುಮಾರು 2.5 ಲಕ್ಷ ಕಾರ್ಮಿಕರು ಹೊರಗುಳಿದರು. ಅಪ್ಪನ ಗಿರಣಿ ಮತ್ತೆ ತೆರೆಯಲೇ ಇಲ್ಲ. ಅಪ್ಪ ಮಾತ್ರ ಎರಡು ವರ್ಷ ಅದೇ ಗಾಡಿ ಹಿಡಿದು, ಅದೇ ಗೇಟಿನೆದುರು ನಿಂತು, ಸಂಜೆ ಮರಳುತ್ತಿದ್ದರು. ಪಾಸಿಗೆ ಅಮ್ಮ ಬಳೆ ಅಡವಿಟ್ಟಳು. ಚಾಳಿನವರು ‘ಇವರಿಗೆ ಬದುಕು ಬೇಡವಾಗಿದೆ’ ಎಂದರು. ಬದುಕು ಬೇಡವಾದವರು ಬುತ್ತಿ ಖಾಲಿ ಮಾಡಿ ತರುತ್ತಾರೆಯೇ? ಗಿರಣಿ ಕೈಬಿಟ್ಟುಹೋದ ಗಳಿಗೆಯನ್ನು ಅಪ್ಪ ದಿನವೂ ಮತ್ತೆ ನಡೆಸುತ್ತಿದ್ದರು, ಉರುಳೆ ಎಸೆದ ಮಗುವಿನಂತೆ. ದಾರ ಮಾತ್ರ ಅವರ ಕೈಯಲ್ಲಿರಲಿಲ್ಲ. ಅಮ್ಮ ಒಮ್ಮೆಯೂ ಹೋಗಬೇಡಿ ಎನ್ನಲಿಲ್ಲ. ಬೆಳಿಗ್ಗೆ ಐದಕ್ಕೆದ್ದು ಬುತ್ತಿ ಕಟ್ಟುತ್ತಿದ್ದಳು. ಎರೋಸ್ ಎಂಬ ಪದ ಓದಿದಾಗಲೆಲ್ಲ ನನಗೆ ಆ ಸ್ಟೀಲಿನ ಡಬ್ಬಿ ನೆನಪಾಗುತ್ತದೆ.

1984ರ ಮಳೆಗಾಲದಲ್ಲಿ ಊರಿನವರೊಬ್ಬರು ಮನೆಗೆ ಬಂದು, ಮದುವೆಯೊಂದರ ಅಡುಗೆಗೆ ಕೈ ಸಾಲದು, ನಾಳೆ ನನ್ನ ಜೊತೆ ಬನ್ನಿ ಎಂದರು. ಅಪ್ಪ ಏನೂ ಹೇಳಲಿಲ್ಲ. ಮರುದಿನ ಎಂದಿನ ಗಾಡಿಯನ್ನೇ ಹತ್ತಿದರು. ಕರಿ ರೋಡಿಗೆ ಎರಡು ನಿಲ್ದಾಣ ಮೊದಲು, ದಾದರಿನಲ್ಲಿ, ಆ ಊರಿನವರ ಹಿಂದೆ ಇಳಿದರು.