ಟೆಸ್ಟಿಂಗ್ ಮುಂದೆಯೂ ಒಂದು ಗೇಜ್ ಇಡ್ರಿ

ಒಂದು ಸಾಫ್ಟ್‌ವೇರ್ ಪ್ರಾಜೆಕ್ಟ್ ಗ್ರೂಪಿನ ಮೆಸೇಜ್ ಈಗಷ್ಟೇ ಓದಿದೆ. "ಕೆಲಸ ಲೇಟಾಗಿದೆ. ಸೋಮವಾರದಿಂದ ಇನ್ನಿಬ್ಬರು ಡೆವಲಪರ್ಸ್ ಬರ್ತಾರೆ. ಶನಿವಾರವೂ ಎಲ್ಲರೂ ಕೆಲಸ ಮಾಡಬೇಕು." ಸಿಟ್ಟು ಇನ್ನೂ ಇಳಿದಿಲ್ಲ. ಕೆಲಸ ಎಲ್ಲಿ ನಿಂತಿದೆ ಅನ್ನೋದರ ಬಗ್ಗೆ ಆ ಮೆಸೇಜಿನಲ್ಲಿ ಒಂದು ಸಾಲೂ ಇಲ್ಲ.

ನಮ್ಮ ರಾಯಚೂರು ಜಿಲ್ಲೆಯ ಮಾನ್ವಿ, ಸಿರವಾರ ಕಡೆ, ಕಾಲುವೆಯ ಕೆಳಭಾಗದ ರೈತರನ್ನು ನೋಡ್ರಿ. ತುಂಗಭದ್ರಾ ಎಡದಂಡೆ ಕಾಲುವೆಗೆ ಡ್ಯಾಮಿನಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಅಂತ ಹೇಳಿದರೆ ಅವರು ಸುಮ್ಮನಾಗಲ್ಲ. 69ನೇ ಮೈಲಿನಲ್ಲಿ ಗೇಜ್, ಅಂದ್ರೆ ನೀರಿನ ಮಟ್ಟ, ಎಷ್ಟಿದೆ, ಅದನ್ನ ಹೇಳ್ರಿ ಅಂತಾರೆ. ಕಾಲುವೆ ಇರೋದು 227 ಕಿಲೋಮೀಟರ್. ಮೇಲ್ಭಾಗದಲ್ಲಿ ಗಂಗಾವತಿ, ಕಾರಟಗಿ ಕಡೆಯ ಭತ್ತ ಕುಡಿದು ಉಳಿದದ್ದೇ ಕೆಳಗೆ ಬರಬೇಕು. ತಲೆಯಲ್ಲಿ ಬಿಟ್ಟ ನೀರಿಗೂ ಕೊನೆಯಲ್ಲಿ ಸಿಗೋ ನೀರಿಗೂ ನಡುವೆ ಏನೇನಾಗುತ್ತೆ ಅಂತ ಆ ರೈತರಿಗೆ ಗೊತ್ತು. ಸಿಸ್ಟಮ್ಸ್ ಥಿಂಕಿಂಗ್ ಅಂತ ಕರೆಯೋದು ಇದನ್ನೇ.

ಲೆಕ್ಕ ಹಾಕೋಣ. ನಾಲ್ವರು ಡೆವಲಪರ್ಸ್, ಒಬ್ಬರೇ ಟೆಸ್ಟರ್. ಡೆವಲಪರ್ಸ್ ವಾರಕ್ಕೆ 10 ಟಿಕೆಟ್ (ಒಂದೊಂದು ಬಿಡಿ ಕೆಲಸಕ್ಕೆ ಹಂಗಂತಾರೆ) ಮುಗಿಸಿ ಟೆಸ್ಟಿಂಗಿಗೆ ತಳ್ತಾರೆ, ಟೆಸ್ಟರ್ ಕೈಲಿ 6 ಆಗುತ್ತೆ. ಪ್ರತಿ ವಾರ 4 ಉಳೀತು. ಐದು ವಾರಕ್ಕೆ 20. ಇವತ್ತು ಆ ಸಾಲಿನ ಕೊನೆಗೆ ಸೇರಿದ ಟಿಕೆಟ್ಟಿನ ಪಾಳಿ ಬರೋದು ಮೂರು ವಾರ ದಾಟಿದ ಮೇಲೆ, ಯಾಕಂದ್ರೆ 20ನ್ನ 6ರಿಂದ ಭಾಗಿಸಿದರೆ ಅಷ್ಟೇ. ಸಾಲಿನ ಉದ್ದ, ಹೊರಹೋಗೋ ವೇಗ, ಕಾಯೋ ಸಮಯ, ಈ ಮೂರರ ನಂಟನ್ನ ಅಮೆರಿಕದ ಪ್ರೊಫೆಸರ್ ಜಾನ್ ಲಿಟಲ್ 1961ರಲ್ಲೇ ಗಣಿತದಲ್ಲಿ ಸಾಧಿಸಿ ತೋರಿಸಿದ್ದಾರೆ.

ಈಗ ಇನ್ನಿಬ್ಬರನ್ನ ಸೇರಿಸ್ರಿ. ಮೊದಲ ಕೆಲವು ವಾರ ಹಳಬರ ಅರ್ಧ ದಿನ ಹೊಸಬರಿಗೆ ಕೋಡ್ ತೋರಿಸೋದರಲ್ಲೇ ಹೋಗುತ್ತೆ. ಐದು ಜನ ಇದ್ದಾಗ ಒಬ್ಬರಿಗೊಬ್ಬರು ಮಾತಾಡಬೇಕಾದ ಜೋಡಿಗಳು 10, ಏಳು ಜನ ಆದ್ರೆ 21. ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಇನ್ನೂ ತಡ ಆಗುತ್ತೆ ಅಂತ ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ ಬರೆದದ್ದು 1975ರಲ್ಲಿ. ಸರಿ, ಹೊಸಬರು ಪಳಗಿದರು, ವಾರಕ್ಕೆ 14 ಬರಕ್ಕೆ ಶುರುವಾಯ್ತು ಅಂತಾನೇ ಇಟ್ಟುಕೊಳ್ಳಿ. ಟೆಸ್ಟಿಂಗ್ ಅದೇ 6. ಮೊದಲು ವಾರಕ್ಕೆ 4 ಉಳೀತಿತ್ತು, ಈಗ 8. ತಲೆಯಲ್ಲಿ ಗೇಟ್ ಎತ್ತಿದರು, 69ನೇ ಮೈಲ್ ಯಾರೂ ನೋಡಲಿಲ್ಲ.

ಇಷ್ಟಕ್ಕೇ ಮುಗಿಯಲ್ಲ. ಮೂರು ವಾರದ ಹಿಂದೆ ಬರೆದ ಕೋಡಿನಲ್ಲಿ ಇವತ್ತು ಬಗ್, ಅಂದ್ರೆ ತಪ್ಪು, ಸಿಕ್ಕರೆ ಬರೆದವರಿಗೇ ಅದು ಮರೆತಿರುತ್ತೆ. ಮರುದಿನವೇ ಸಿಕ್ಕಿದ್ದರೆ ಅರ್ಧ ಗಂಟೆಯ ಕೆಲಸ, ಈಗ ಅರ್ಧ ದಿನ. ರಿಪೇರಿಯಾದ ಟಿಕೆಟ್ ಮತ್ತೆ ಅದೇ ಸಾಲಿಗೇ ಬರುತ್ತೆ. 6ರಲ್ಲಿ 2 ಹಿಂಗೆ ತಿರುಗಿ ಬಂದರೆ ವಾರಕ್ಕೆ ನಿಜವಾಗಿ ಮುಗಿದದ್ದು 4 ಮಾತ್ರ. ಸಾಲು ಬೆಳೆದಷ್ಟೂ ಬಗ್ ತಡವಾಗಿ ಸಿಗುತ್ತೆ, ತಡವಾದಷ್ಟೂ ರಿಪೇರಿ ಬೆಳೆಯುತ್ತೆ, ರಿಪೇರಿ ಬೆಳೆದಷ್ಟೂ ಸಾಲು. ಶನಿವಾರದ ಕೆಲಸ ಈ ಸುತ್ತಿಗೆ ಇನ್ನಷ್ಟು ಮೇವು ಹಾಕುತ್ತೆ. ಮೊದಲ ವಾರ ಟಿಕೆಟ್ ಲೆಕ್ಕ ಏರುತ್ತೆ, ಮ್ಯಾನೇಜರಿಗೆ ಖುಷಿ. ದಣಿದ ಕಣ್ಣು ಬಿಟ್ಟ ತಪ್ಪು ಮೇಲೆ ಬರೋದು ಎಷ್ಟೋ ದಿನ ಆದ ಮೇಲೆ. ಅಷ್ಟರಲ್ಲಿ ಕಾರಣ ಮರೆತು ಟೆಸ್ಟರನ್ನ ಬೈಯೋದು ಶುರುವಾಗಿರುತ್ತೆ. ನನಗೆ ತಡೆಯೋಕಾಗದ್ದು ಇದೇ.

"ಕ್ಲೈಂಟ್ ತಾರೀಖು ಬದಲಾಗಲ್ಲ, ಏನಾದ್ರೂ ಮಾಡಲೇಬೇಕಲ್ಲ" ಅಂತೀರಿ. ಮಾಡ್ರಿ, ಆದರೆ ಸಾಲು ಬೆಳೆಸೋದನ್ನ ಬಿಟ್ಟು ಬೇರೆ ಮಾಡ್ರಿ. ತಾರೀಖು ಗಟ್ಟಿ ಇದ್ದರೆ ಕ್ಲೈಂಟ್ ಜೊತೆ ಕೂತು ಮೊದಲ ಬಿಡುಗಡೆಗೆ ಬೇಡದ ಫೀಚರ್ ತೆಗೀರಿ. ಟೆಸ್ಟಿಂಗ್ ಸಾಲಿಗೆ 4ರ ಮಿತಿ ಹಾಕ್ರಿ. ಅದು ತುಂಬಿದಾಗ ಡೆವಲಪರ್ ಹೊಸ ಟಿಕೆಟ್ ಮುಟ್ಟಬಾರದು, ಬೇರೆಯವರು ಬರೆದದ್ದನ್ನ ಟೆಸ್ಟ್ ಮಾಡಬೇಕು. ಇಲ್ಲಾ ಲಾಗಿನ್, ಪೇಮೆಂಟ್ ಥರ ಪ್ರತಿ ಸಲ ಕೈಯಿಂದ ನೋಡೋದನ್ನ ಆಟೊಮೇಟ್ ಮಾಡಬೇಕು. ಮೊದಲ ವಾರ ಕೆಲವರು ಖಾಲಿ ಕೂತಂತೆ ಕಾಣುತ್ತೆ, ಹೆದರಿ ಮಿತಿ ತೆಗೆಯಬೇಡ್ರಿ. ಪ್ರತಿ ಟಿಕೆಟ್ಟಿಗೆ ಮೂರು ತಾರೀಖು ಬರೀರಿ: ಕೈಗೆತ್ತಿಕೊಂಡದ್ದು, ಟೆಸ್ಟಿಂಗಿಗೆ ಬಂದದ್ದು, ಲೈವ್ ಆದದ್ದು. ಯಾರು ಎಷ್ಟು ಗಂಟೆ ಕೂತರು ಅನ್ನೋ ಶೀಟಿಗಿಂತ ಈ ಮೂರು ತಾರೀಖು ನೂರು ಪಾಲು ಮೇಲು.

ಇನ್ನು ಹೂಳು. ನಮ್ಮ ಡ್ಯಾಮ್ ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡೀತಿತ್ತು, ಈಗ 105.788 ಅಂತ ಲೆಕ್ಕ. ತುಂಬಿದರೂ ಮೊದಲಿನಷ್ಟು ನೀರಿಲ್ಲ. ಅವಸರದಲ್ಲಿ ತೇಪೆ ಹಾಕಿದ ಕೋಡೂ ಹಿಂಗೇ ತಳದಲ್ಲಿ ಕೂರುತ್ತೆ, ಅದೇ ಜನ, ಅಷ್ಟೇ ಗಂಟೆ, ಆದ್ರೆ ವರ್ಷದಿಂದ ವರ್ಷಕ್ಕೆ ಕಮ್ಮಿ ಫೀಚರ್. ಪ್ರತಿ ವಾರ ಅರ್ಧ ದಿನವಾದರೂ ಅದನ್ನ ಎತ್ತೋಕೆ ಮೀಸಲಿಡ್ರಿ.

ಸೋಮವಾರ ಬರೋ ಆ ಇಬ್ಬರನ್ನ ಹೆಂಗೂ ಕರೆದಾಗಿದೆ. ಅವರಿಗೆ ಹೊಸ ಫೀಚರ್ ಕೊಡಬೇಡ್ರಿ, ಸೀದಾ ಟೆಸ್ಟರ್ ಪಕ್ಕ ಕೂರಿಸ್ರಿ. ಸಾಲಿನಲ್ಲಿ ಎಲ್ಲಕ್ಕಿಂತ ಹಳೇ ಟಿಕೆಟ್ ಯಾವುದಿದೆಯೋ ಅದರಿಂದ ಶುರು ಮಾಡಲಿ.