ಅಜ್ಜಿಯನ್ನು ಬೆಳ್ಳಗೆ ಮಾಡಿಕೊಡಿ ಎಂದು ಯಾರು ಕೇಳಿದರು?

ನಾಲ್ಕೂವರೆ ಸಾವಿರ ರೂಪಾಯಿ ಕಟ್ಟಿ, ಒಂದು ಭಾನುವಾರ ಪೂರ್ತಿ ಕೂತು, ಬೆಂಗಳೂರಿನ ಒಂದು ಫ್ಲ್ಯಾಶ್ ಫೋಟೋಗ್ರಫಿ ಕಾರ್ಯಾಗಾರದಿಂದ ನಾನು ಮನೆಗೆ ತಂದ ಉತ್ತರ ಇದು: "ಎಡಿಟಿಂಗ್‌ನಲ್ಲಿ ಬೆಳ್ಳಗೆ ಮಾಡಿಕೊಳ್ಳಿ ಮೇಡಂ." ಎರಡು ತಿಂಗಳಾಯಿತು. ಆ ಮಾತು ನೆನಪಾದಾಗಲೆಲ್ಲ ಮೈ ಉರಿಯುತ್ತದೆ.

ನಾನು ಕೇಳಿದ್ದು ದೊಡ್ಡ ವಿಷಯವೇನಲ್ಲ. ತಿಪಟೂರಿನ ಹತ್ತಿರ ನಮ್ಮೂರಿನಲ್ಲಿ ಅಜ್ಜಿ ಇದ್ದಾರೆ. ಎಣ್ಣೆಗಪ್ಪು ಮೈಬಣ್ಣ, ಬೆಳ್ಳಿಯಂಥ ಕೂದಲು. ಅವರ ಕಾಲಬುಡದಲ್ಲಿ ಸದಾ ಬಿದ್ದುಕೊಂಡಿರುವ ನಾಯಿ ಕರಿಯ. ಮೂತಿಯಿಂದ ಬಾಲದವರೆಗೆ ಹುಡುಕಿದರೂ ಒಂದು ಬಿಳಿ ಕೂದಲು ಸಿಗುವುದಿಲ್ಲ. ಇಬ್ಬರನ್ನೂ ಜಗುಲಿಯ ಮೇಲೆ ಕೂರಿಸಿ ಒಂದು ಒಳ್ಳೆಯ ಚಿತ್ರ ತೆಗೆಯಬೇಕು ಎಂಬುದು ನನ್ನ ಆಸೆ. ಫ್ಲ್ಯಾಶನ್ನು ಕ್ಯಾಮೆರಾದ ತಲೆಯ ಮೇಲೆಯೇ ಸಿಕ್ಕಿಸಿ ತೆಗೆದಾಗ ಅಜ್ಜಿಯ ಹಣೆಯ ಮೇಲೆ ಬಿಳಿ ಚುಕ್ಕೆಯೊಂದು ಸಿಡಿದಿತ್ತು, ಉಳಿದ ಮುಖ ಚಪ್ಪಟೆ. ಕರಿಯನ ಜಾಗದಲ್ಲಿ ಮಸಿ ಚೆಲ್ಲಿದ ಹಾಗೆ ಒಂದು ಕಲೆ, ಅದರೊಳಗೆ ಎರಡು ಹಸಿರು ದೀಪಗಳು. ಆ ಚಿತ್ರವನ್ನು ಮೊಬೈಲ್‌ನಲ್ಲಿ ತೋರಿಸಿ, ಬೆಳಕನ್ನು ಎಲ್ಲಿ ಇಡಬೇಕಿತ್ತು ಎಂದು ಕೇಳಿದೆ. ಕಲಿಸುತ್ತಿದ್ದ ಮೇಷ್ಟರು ಚಿತ್ರವನ್ನು ಸರಿಯಾಗಿ ನೋಡಲೂ ಇಲ್ಲ. ಬೆಳ್ಳಗೆ ಮಾಡಿಕೊಳ್ಳಿ, ನಾಯಿಯ ಕಣ್ಣಿಗೆ ಕಪ್ಪು ತುಂಬಿ, ಮುಂದಿನವರು ಬನ್ನಿ!

ಅಲ್ಲಿ ನಡೆದದ್ದು ಇಷ್ಟು. ಮೊದಲೇ ನಿಲ್ಲಿಸಿಟ್ಟ ಎರಡು ದೊಡ್ಡ ಸಾಫ್ಟ್‌ಬಾಕ್ಸ್ (ಫ್ಲ್ಯಾಶಿನ ಬೆಳಕನ್ನು ಹರಡುವ ಬಟ್ಟೆಯ ಪೆಟ್ಟಿಗೆ), ನಡುವೆ ಹಾಲುಬಿಳುಪಿನ ಒಬ್ಬ ರೂಪದರ್ಶಿ. ಹದಿನೆಂಟು ಜನ ಸರದಿಯಲ್ಲಿ ನಿಂತು, ಫ್ಲ್ಯಾಶ್ ಹೊಡೆಸುವ ಒಂದೇ ಟ್ರಿಗರನ್ನು ಕೈಯಿಂದ ಕೈಗೆ ದಾಟಿಸಿಕೊಂಡು, ಬೋರ್ಡಿನ ಮೇಲೆ ಬರೆದ ಅಂಕಿಗಳನ್ನೇ ಕ್ಯಾಮೆರಾದಲ್ಲಿ ತಿರುಗಿಸಿ ಒಂದೇ ಚಿತ್ರ ತೆಗೆದೆವು. ಲೆನ್ಸಿನ ಕಿಂಡಿ ಎಫ್8, ಷಟರ್ ತೆರೆದಿರುವ ಹೊತ್ತು ಸೆಕೆಂಡಿನ 1/160, ಬೆಳಕಿಗೆ ಸ್ಪಂದಿಸುವ ಮಟ್ಟ ಐಎಸ್‌ಒ 100. ಯಾಕೆ 1/160? "ಅದಕ್ಕಿಂತ ಮೇಲೆ ಹೋಗಬೇಡಿ, ಅಷ್ಟೇ." ಮನೆಗೆ ಬಂದು ನಾನೇ 1/500ರಲ್ಲಿ ತೆಗೆದು ನೋಡಿದೆ. ಚಿತ್ರದ ಅರ್ಧಕ್ಕೆ ಕಪ್ಪು ಪಟ್ಟಿ. ಷಟರಿಗೆ ಎರಡು ಪರದೆಗಳಿವೆ, ಒಂದು ಮಿತಿ ದಾಟಿದ ಮೇಲೆ ಅವೆರಡೂ ಒಟ್ಟಿಗೆ ಪೂರ್ತಿ ತೆರೆದಿರುವ ಕ್ಷಣವೇ ಇರುವುದಿಲ್ಲ, ಫ್ಲ್ಯಾಶ್ ಹೊಡೆದಾಗ ಒಂದು ಪರದೆ ಅಡ್ಡ ಬಂದಿರುತ್ತದೆ. ನನ್ನ ಕ್ಯಾಮೆರಾದಲ್ಲಿ ಆ ಮಿತಿ 1/200. ಇದನ್ನು ಹೇಳಲು ಎಷ್ಟು ಹೊತ್ತು ಬೇಕಿತ್ತು? ಅರ್ಧ ನಿಮಿಷ!

ಊರಿಗೆ ಹೋಗಿ ನಾಲ್ಕು ವಾರಾಂತ್ಯ ಒದ್ದಾಡಿದ ಮೇಲೆ ಗೊತ್ತಾಗಿದ್ದನ್ನು ಹೇಳುತ್ತೇನೆ. ನಾಯಿಯ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಪದರವಿದೆ, ಬಂದ ಬೆಳಕನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತದೆ. ಫ್ಲ್ಯಾಶ್ ಲೆನ್ಸಿನ ಪಕ್ಕದಲ್ಲೇ ಇದ್ದರೆ ಅದು ಲೆನ್ಸಿಗೇ ಬರುತ್ತದೆ. ಫ್ಲ್ಯಾಶನ್ನು ಕ್ಯಾಮೆರಾದಿಂದ ಇಳಿಸಿ ಪಕ್ಕಕ್ಕೆ ಒಯ್ದ ಕೂಡಲೇ ಹಸಿರು ದೀಪ ಆರಿತು. ಯಾವ ಎಡಿಟಿಂಗೂ ಬೇಕಾಗಲಿಲ್ಲ.

ಕಪ್ಪಿನ ವಿಷಯ ಇನ್ನೂ ಸ್ವಾರಸ್ಯವಾಗಿದೆ, ಅದಕ್ಕೇ ನನಗೆ ಇಷ್ಟು ಸಿಟ್ಟು. ಕಪ್ಪು ಮೈ ಬೆಳಕನ್ನು ಬಹುಪಾಲು ನುಂಗುತ್ತದೆ. ಅದರ ಉಬ್ಬುತಗ್ಗು ಕಾಣುವುದು ಮೇಲೆ ಹಾಯುವ ಹೊಳಪಿನಿಂದ. ಗರ್ಭಗುಡಿಯಲ್ಲಿ ಮಂಗಳಾರತಿಯ ತಟ್ಟೆ ಪಕ್ಕದಿಂದ ಮೇಲೇರುವಾಗ ಕಪ್ಪು ಶಿಲೆಯ ಗಲ್ಲ, ತುಟಿ, ಮೂಗು ಒಂದೊಂದಾಗಿ ಮೂಡುವುದನ್ನು ನಾವೆಲ್ಲ ಕಣ್ತುಂಬ ನೋಡಿಲ್ಲವೇ? ಆ ಮೂರ್ತಿಗೆ ಸುಣ್ಣ ಬಳಿಯಿರಿ ಎಂದು ಯಾರೂ ಹೇಳುವುದಿಲ್ಲ. ಬರಿಯ ಫ್ಲ್ಯಾಶ್ ಅಂಗೈಯಷ್ಟು ಚಿಕ್ಕದು, ಅದರ ಹೊಳಪು ಹಣೆಯ ಮೇಲೆ ಚುಕ್ಕೆಯಾಗುತ್ತದೆ. ಬೆಳಕಿನ ಮೂಲ ದೊಡ್ಡದಾದರೆ ಹೊಳಪು ಹರಡುತ್ತದೆ. ಸಾಫ್ಟ್‌ಬಾಕ್ಸ್ ಕೊಳ್ಳಲು ದುಡ್ಡಿರಲಿಲ್ಲ. ಅಪ್ಪನ ಬಿಳಿ ಪಂಚೆಯನ್ನು ಬಟ್ಟೆ ಒಣಹಾಕುವ ಹಗ್ಗಕ್ಕೆ ಇಳಿಬಿಟ್ಟು, ಅದರ ಹಿಂದಿನಿಂದ ಫ್ಲ್ಯಾಶ್ ಹೊಡೆದೆ. ಪಂಚೆ ಅಜ್ಜಿಯ ಮುಖದಿಂದ 3 ಅಡಿ, ಅಜ್ಜಿಯ ಬೆನ್ನ ಹಿಂದಿನ ಸುಣ್ಣದ ಗೋಡೆ ಪಂಚೆಯಿಂದ ಸುಮಾರು 9 ಅಡಿ. ದೂರ ಮೂರು ಪಟ್ಟಾದರೆ ಬೆಳಕು ಸರಿಸುಮಾರು ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಹಾಗಾಗಿ ಕಣ್ಣು ಕುಕ್ಕುತ್ತಿದ್ದ ಗೋಡೆ ತಾನಾಗಿ ಹಿಂದೆ ಸರಿಯಿತು.

ಕ್ಯಾಮೆರಾದ ಸ್ವಯಂಚಾಲಿತ ಲೆಕ್ಕವನ್ನೂ ಬಿಡಬೇಕಾಯಿತು. ಅದು ಎದುರಿಗಿರುವ ಎಲ್ಲವನ್ನೂ ನಡುಬೂದು ಎಂದೇ ತಿಳಿಯುತ್ತದೆ. ಚೌಕಟ್ಟಿನ ತುಂಬ ಕರಿಯನಿದ್ದರೆ ಬೆಳಕು ಸುರಿದು ಅವನನ್ನು ಬೂದಿಬಣ್ಣ ಮಾಡುತ್ತದೆ, ಬಿಳಿ ಗೋಡೆ ಹೆಚ್ಚಿದ್ದರೆ ಅಜ್ಜಿಯನ್ನು ಕತ್ತಲಿಗೆ ತಳ್ಳುತ್ತದೆ. ಫ್ಲ್ಯಾಶನ್ನು ಕೈಯಾರೆ ಅದರ ಪೂರ್ಣ ಶಕ್ತಿಯ 1/8ಕ್ಕೆ ಇಟ್ಟ ಮೇಲೆ ಇಬ್ಬರೂ ತಮ್ಮ ತಮ್ಮ ಬಣ್ಣದಲ್ಲಿ ಉಳಿದರು. (ಕರಿಯ ಮೊದಲ ದಿನ ಬೆದರಿ ಹಿತ್ತಲಿಗೆ ಓಡಿದ್ದ. ದೂರದಲ್ಲಿ ಸಣ್ಣದಾಗಿ ಮಿಂಚಿಸಿ, ಪ್ರತಿ ಮಿಂಚಿಗೂ ಬಿಸ್ಕತ್ತು ಕೊಟ್ಟು ರೂಢಿ ಮಾಡಿಸಿದೆ.)

ಈಗ ಆ ಚಿತ್ರ ನನ್ನ ಮೇಜಿನ ಮೇಲಿದೆ. ಕರಿಯನ ಬೆನ್ನಿನುದ್ದಕ್ಕೂ ಬೆಳಕಿನ ಒಂದು ಗೆರೆ, ಕತ್ತಿನ ಬಳಿ ಕೂದಲು ಸುಳಿ ತಿರುಗಿರುವುದು ಸಹ ಎಣಿಸುವಷ್ಟು ಸ್ಪಷ್ಟ. ಅಜ್ಜಿಯ ಕೆನ್ನೆ ಮಳೆಯಲ್ಲಿ ನೆಂದ ಕಲ್ಲಿನ ಹಾಗೆ ತಣ್ಣಗೆ ಹೊಳೆಯುತ್ತದೆ. ಇಷ್ಟು ಚೆಂದದ ಕಪ್ಪನ್ನು ಅಳಿಸಿಕೊಳ್ಳಿ ಎಂದು ಹೇಳಲು ಅವರಿಗೆ ಬಾಯಾದರೂ ಹೇಗೆ ಬಂತು?

ಇದು ಒಬ್ಬ ಮೇಷ್ಟರ ತಪ್ಪು ಮಾತ್ರವಲ್ಲ. ಬಣ್ಣದ ಫಿಲ್ಮಿನ ಕಾಲದಲ್ಲಿ ಮುದ್ರಣದ ಬಣ್ಣ ಸರಿಮಾಡಲು ಫಿಲ್ಮ್ ಕಂಪನಿ ಕೊಡಾಕ್ ಕಳಿಸುತ್ತಿದ್ದ ‘ಶರ್ಲಿ ಕಾರ್ಡು’ ಎಂಬ ಮಾದರಿ ಚಿತ್ರಗಳಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಹೆಂಗಸಿನ ಮುಖ. ಕಂದು ಬಣ್ಣಗಳು ಸರಿಯಾಗಿ ಬರುತ್ತಿಲ್ಲ ಎಂದು ಚಾಕೊಲೇಟ್ ಮತ್ತು ಮರದ ಪೀಠೋಪಕರಣದ ಕಂಪನಿಗಳು ದೂರಿದ ಮೇಲೆ ಫಿಲ್ಮನ್ನು ತಿದ್ದಲು ಹೊರಟರಂತೆ. ಮನುಷ್ಯರ ಮುಖಕ್ಕಾಗಿ ಅಲ್ಲ! ಆ ಫಿಲ್ಮ್ ಹೋಗಿ ಎಷ್ಟೋ ಕಾಲವಾಯಿತು, ನಮ್ಮ ಸ್ಟುಡಿಯೊಗಳು ಮಾತ್ರ ಅಲ್ಲೇ ನಿಂತಿವೆ. ಚಿಕ್ಕಪ್ಪನ ಮಗನ ಮದುವೆಯ ಆಲ್ಬಂನಲ್ಲಿ ಅಜ್ಜಿಯ ಮುಖಕ್ಕೆ ಬೂದಿ ಬಳಿದಂತೆ ಬಿಳುಪು ತುಂಬಿದ್ದರು. ಅಕ್ಷತೆ ಹಿಡಿದ ಕೈಯನ್ನು ತಿದ್ದಲು ಮರೆತಿದ್ದರು. ಅಜ್ಜಿ ಆ ಪುಟವನ್ನು ಬಹಳ ಹೊತ್ತು ನೋಡಿ, "ಮುಖ ನನ್ನದಲ್ಲ ಮಗಳೇ, ಕೈ ಮಾತ್ರ ನನ್ನದು" ಎಂದು ಆಲ್ಬಂ ಮುಚ್ಚಿ ಒಳಗೆ ಹೋದರು. ಮತ್ತೆ ಅದನ್ನು ಮುಟ್ಟಲಿಲ್ಲ.

ಮುಂದಿನ ತಿಂಗಳು ತಂಗಿಯ ಮದುವೆ. ಮೊನ್ನೆ ಫೋಟೋದವರಿಗೆ ಮುಂಗಡ ಕೊಡಲು ಹೋದಾಗ, ನಮ್ಮ ಮನೆಯವರ ಮುಖದ ಬಣ್ಣಕ್ಕೆ ಕೈ ಹಾಕಬಾರದು ಎಂದೆ. "ಎಲ್ಲರೂ ಬೆಳ್ಳಗೇ ಕೇಳುತ್ತಾರೆ ಮೇಡಂ, ಆಮೇಲೆ ನೀವೂ ಕೇಳುತ್ತೀರಿ" ಎಂದರು. ದುಡ್ಡನ್ನು ಚೀಲಕ್ಕೆ ಹಾಕಿಕೊಂಡು ಎದ್ದು ಬಂದೆ.